ಗುರುವಾರದ ಗೊಬ್ಬರ

ಸಂಸಾರದಲ್ಲಿ ಅಧಿಕಾರ ಯಾರದು ಎಂಬ ಪ್ರಶ್ನೆ ಬಂದಾಗ ಜನ ಸಾಮಾನ್ಯವಾಗಿ ಬೀರುವಿನ ಬೀಗದಕೈ, ಮಕ್ಕಳ ಮದುವೆ ಮುಂತಾದ ಹಗುರ ವಿಷಯಗಳ ಮೇಲೆ ಕಚ್ಚಾಡುತ್ತಾರೆ. ಇಲ್ಲಿ ಹೇಳಹೊರಟಿರುವ ವಿಷಯ ಅಷ್ಟು ಹಗುರವಾದದ್ದಲ್ಲ. ಸಮುದ್ರದ ಮೀನುಗಳು ಒಂದು ವಾರ ಕಾಲ ಮಾಡಿಟ್ಟ ಒಂದು ಲೋಟ ಹೊಲಸನ್ನು ಪ್ರತಿ ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಮುಂದಿನ ಕೋಣೆಯಿಂದ ಹಿತ್ತಿಲಿಗೆ ಒಯ್ದು ಗಿಡದ ಬುಡಕ್ಕೆ ಹಾಕುವ ಹಕ್ಕು ಯಾರಿಗೆ ಸೇರಿದ್ದು ಎಂಬುದು ಆ ವಿಷಯ. ಇದರ ತೀರ್ಮಾನಕ್ಕೆ ಹದಿನಾಲ್ಕು ಟೊಮೆಟೊ ಗಿಡ, ಒಂಬತ್ತು ದೊಣ್ಣೆಮೆಣಸಿನಕಾಯಿ ಗಿಡ ಮತ್ತು ಒಬ್ಬ ಗಂಡಸಿನ ಮರ್ಯಾದೆ ಖರ್ಚಾದವು.

ಗಂಡಸು ಹಲ್ಲಿನ ಡಾಕ್ಟರು. ಮನೆಯ ಮುಂದಿನ ಎರಡು ಕೋಣೆಗಳೇ ಅವರ ದವಾಖಾನೆ. ಒಂದರಲ್ಲಿ ರೋಗಿಗಳು ಕಾಯುತ್ತಾರೆ, ಇನ್ನೊಂದರಲ್ಲಿ ಬಾಯಿ ತೆರೆಯುತ್ತಾರೆ. ಬಾಯಿ ತೆರೆಯುವ ಕೋಣೆ ಉದ್ದಕ್ಕಿದ್ದು, ಅದರ ಹಿಂದಿನ ಕಿಟಕಿ ಹಿತ್ತಿಲಿಗೆ ತೆರೆದುಕೊಳ್ಳುತ್ತದೆ. ಕುರ್ಚಿಯಲ್ಲಿ ಮಲಗಿದವರಿಗೆ ಅಲ್ಲಿಂದ ಒಂದು ತುಂಡು ಆಕಾಶ ಮಾತ್ರ ಕಾಣುತ್ತದೆ. ನಿಂತಿರುವ ಡಾಕ್ಟರಿಗೆ ಹಿತ್ತಿಲು ಪೂರ್ತಿ ಕಾಣುತ್ತದೆ. ಅವರ ದುರದೃಷ್ಟ ಶುರುವಾಗುವುದು ಈ ವಾಸ್ತುವಿನಿಂದ.

ಕಾಯುವ ಕೋಣೆಯಲ್ಲಿ ಅವರ ಅಕ್ಕ ಮೇಜು ಹಾಕಿಕೊಂಡು ಕೂರುತ್ತಾಳೆ. ರೋಗಿಗಳ ಹೆಸರು ಬರೆದುಕೊಳ್ಳುವುದು, ಅವರನ್ನು ಒಳಗೆ ಕಳಿಸುವುದು, ಕಳಿಸುವ ಮುನ್ನ ಅವರ ಮನೆಯ ಸುದ್ದಿ ತೆಗೆಯುವುದು ಅವಳ ಕೆಲಸ. ತಮ್ಮನಾದವನು ಬಾಯಿಯೊಳಗಿನ ಹಲ್ಲನ್ನು ಮಾತ್ರ ಕೀಳುತ್ತಾನೆ, ಅಕ್ಕ ಬಾಯಿಯೊಳಗಿನ ಮಾತನ್ನೂ ಕೀಳುತ್ತಾಳೆ ಎಂದು ಬೀದಿಯಲ್ಲಿ ಹೆಸರು. ಅವಳ ಮೇಜಿನ ಎದುರಿಗೇ ಗೋಡೆಯುದ್ದಕ್ಕೆ ಸಮುದ್ರದ ನೀರಿನ ಗಾಜಿನ ತೊಟ್ಟಿ. ಅದರಲ್ಲಿ ಪಟ್ಟೆಪಟ್ಟೆಯ ಎರಡು ಕೋಡಂಗಿ ಮೀನು, ಯಾರನ್ನೂ ಲೆಕ್ಕಿಸದ ಒಂದು ಹಳದಿ ಮೀನು, ಮತ್ತೆ ಕಲ್ಲಿನ ಸಂದಿಯಲ್ಲಿ ಒಂದು ಕೆಂಪು ಸೀಗಡಿ. ಈ ಸೀಗಡಿ ಬೇರೆ ಮೀನುಗಳ ಬಾಯಿಯೊಳಗೆ ನುಗ್ಗಿ ಹಲ್ಲುಸಂದಿಯ ಕೊಳೆ ತೆಗೆಯುವ ಜಾತಿಯದು. ಡಾಕ್ಟರು ತೊಟ್ಟಿ ತರಿಸಿದ್ದೇ ಆ ಸೀಗಡಿಗೋಸ್ಕರ. ತಮ್ಮ ವೃತ್ತಿಯವನೊಬ್ಬ ಬಟ್ಟೆ ಹಾಕಿಕೊಳ್ಳದೆ, ಪದವಿ ಪತ್ರ ತೂಗುಹಾಕದೆ, ರೋಗಿಗಳಿಂದ ಒಂದು ಬೈಗುಳವನ್ನೂ ಕೇಳದೆ ಬದುಕುತ್ತಿರುವುದು ಅವರಿಗೆ ಸಮಾಧಾನ ಕೊಡುತ್ತಿತ್ತು.

ಸಮುದ್ರದ ತೊಟ್ಟಿ ಸುಮ್ಮನೆ ನಿಲ್ಲುವ ವಸ್ತುವಲ್ಲ. ಅದರ ಹಿಂದೆ ಒಂದು ನೊರೆಯಂತ್ರ ಇರುತ್ತದೆ. ನೀರಿಗೆ ಗಾಳಿ ಬಡಿದು ನೊರೆ ಎಬ್ಬಿಸಿ, ಆ ನೊರೆಯ ಜೊತೆ ಮೇಲೆ ಬಂದ ಮೀನಿನ ಮಲ, ಕೊಳೆತ ಆಹಾರ, ಪಾಚಿಯ ಚೂರುಗಳನ್ನೆಲ್ಲ ಒಂದು ಲೋಟದಲ್ಲಿ ಕೂಡಿಡುತ್ತದೆ. ಬಣ್ಣ ಕಡುಗಪ್ಪು ಚಹದ್ದು. ವಾಸನೆಯ ಬಗ್ಗೆ ಹೇಳದಿರುವುದು ಮೇಲು. ಇದನ್ನು ವಾರಕ್ಕೊಮ್ಮೆ ತೆಗೆಯಬೇಕು, ತೊಟ್ಟಿಯಿಂದ ಎರಡು ಬಕೆಟ್ ಹಳೇ ನೀರು ಹೊರಗೆ ಹಾಕಿ ಹೊಸ ಉಪ್ಪುನೀರು ತುಂಬಬೇಕು, ಗಾಜಿನ ಪಾಚಿ ಕೆರೆಯಬೇಕು. ಇದಕ್ಕೆಲ್ಲ ಒಬ್ಬ ಬರುತ್ತಿದ್ದ. ಆ ಮನೆಯಲ್ಲಿ ಎಲ್ಲರೂ ಅವನನ್ನು ತೊಟ್ಟಿಯವನು ಎನ್ನುತ್ತಿದ್ದರು.

ತೊಟ್ಟಿಯವನಿಗೆ ಐವತ್ತೆಂಟು ವರ್ಷ. ಹರೆಯದಲ್ಲಿ ಬಂದರಿನಲ್ಲಿ ನೀರೊಳಗೆ ಮುಳುಗಿ ಹಡಗುಗಳ ಅಡಿ ಕೆರೆಯುತ್ತಿದ್ದನಂತೆ. ಈಗ ಮುಳುಗುವುದು ಕಷ್ಟ, ಅಂಥ ಹೊಟ್ಟೆ. ಮೂರು ಮೊಮ್ಮಕ್ಕಳ ತಾತ. ನಡೆಯುವಾಗ ಎಡಕ್ಕೆ ವಾಲುತ್ತಾನೆ. ಅವನ ಎರಡು ದವಡೆ ಹಲ್ಲುಗಳನ್ನು ಡಾಕ್ಟರು ತಮ್ಮ ಕೈಯಾರೆ ಕಿತ್ತಿದ್ದರು, ಇನ್ನೂ ಒಂದು ಕಿತ್ತರೆ ಒಳ್ಳೆಯದೆಂದು ಹೇಳಿಯೂ ಇದ್ದರು. ಒಬ್ಬ ಮನುಷ್ಯನ ಬಾಯಿಯ ಒಳಗನ್ನು ಅಷ್ಟು ಹತ್ತಿರದಿಂದ ಕಂಡವರಿಗೆ ಅವನ ಮೇಲೆ ಹೊಟ್ಟೆಕಿಚ್ಚು ಬರಬಾರದು. ಬಂತು.

ನಾಲ್ಕು ವರ್ಷ ತೊಟ್ಟಿಯವನು ಆ ಲೋಟವನ್ನು ತಂದು ಮೋರಿಗೆ ಸುರಿದು ಹೋಗುತ್ತಿದ್ದ, ಯಾರಿಗೂ ಏನೂ ಅನ್ನಿಸಿರಲಿಲ್ಲ. ಹಿತ್ತಿಲು ಡಾಕ್ಟರ ಹೆಂಡತಿಯದು. ಅವಳಿಗೆ ಗ್ರಂಥಾಲಯದಲ್ಲಿ ಮಧ್ಯಾಹ್ನದ ಪಾಳಿ. ಮಧ್ಯಾಹ್ನವೆಲ್ಲ ಜನರನ್ನು ಸುಮ್ಮನಿರಿಸುವುದೇ ಉದ್ಯೋಗವಾದ್ದರಿಂದ ಬೆಳಿಗ್ಗೆ ಗಿಡಗಳ ಜೊತೆ ಮನಸಾರೆ ಮಾತಾಡುತ್ತಿದ್ದಳು. ಒಂದು ಗುರುವಾರ ಮೋರಿಯ ಬಳಿ ಮೂಗು ಮುಚ್ಚಿಕೊಂಡು ಕೇಳಿದಳು:

"ಅದೇನ್ರೀ ಅದು, ಈ ಪಾಟಿ ನಾತ?"

"ಗೊಬ್ಬರ, ಮೇಡಂ. ಉಪ್ಪೊಂದು ತೆಗೆದುಬಿಟ್ರೆ ಗಿಡಕ್ಕೆ ಚಿನ್ನ. ಉಪ್ಪಿದ್ರೆ ವಿಷ."

"ತೆಗೆಯೋಕಾಗುತ್ತಾ?"

"ಯಾಕಾಗಲ್ಲ? ತಾಳ್ಮೆ ಬೇಕು ಅಷ್ಟೆ."

ತಾಳ್ಮೆ ಅವಳ ಹತ್ತಿರ ಹದಿನಾರು ವರ್ಷದಿಂದ ಕೂಡಿಟ್ಟದ್ದು ಬೇಕಾದಷ್ಟಿತ್ತು. ಅಂದಿನಿಂದ ಕ್ರಮ ಹೀಗಾಯಿತು. ತೊಟ್ಟಿಯವನು ಒಂದು ದಪ್ಪ ಬಟ್ಟೆಯನ್ನು ಬಕೆಟ್ಟಿನ ಬಾಯಿಗೆ ಕಟ್ಟಿ ಲೋಟದ ಹೊಲಸನ್ನು ಅದರ ಮೇಲೆ ಸುರಿಯುವನು. ನೀರೆಲ್ಲ ಸೋರಿ ಬಟ್ಟೆಯ ಮೇಲೆ ಕೆಸರು ಉಳಿಯುವುದು. ಅದರ ಮೇಲೆ ಒಂದು ತಂಬಿಗೆ ಸಿಹಿನೀರು. ಹತ್ತು ನಿಮಿಷ ಕಾಯುವುದು. ಮತ್ತೊಂದು ತಂಬಿಗೆ, ಮತ್ತೆ ಹತ್ತು ನಿಮಿಷ. ಮೂರನೆಯದಾದ ಮೇಲೆ ಬಟ್ಟೆಯ ಕೆಳಗಿಂದ ತೊಟ್ಟಿಕ್ಕುವ ಹನಿಯನ್ನು ಬೆರಳ ತುದಿಯಲ್ಲಿ ಹಿಡಿದು ನಾಲಿಗೆಗೆ ಮುಟ್ಟಿಸಿ ನೋಡುವುದು. ಉಪ್ಪಿಲ್ಲ ಅಂದರೆ ಕೆಸರನ್ನು ಒಣಗಿದ ಎಲೆಗಳ ಗುಂಡಿಗೆ ಬೆರೆಸಿ, ಹಳೆಯ ಹದವಾದ ಮಿಶ್ರಣವನ್ನು ಗಿಡಗಳ ಬುಡಕ್ಕೆ ಹಾಕುವುದು. ಬಟ್ಟೆಯ ಕೆಳಗೆ ಇಳಿದ ಉಪ್ಪುನೀರೂ ತೊಟ್ಟಿಯ ಎರಡು ಬಕೆಟ್ ಹಳೇ ನೀರೂ ಮೋರಿಗೆ.

ಕೆಲಸಕ್ಕಿಂತ ಕಾಯುವುದೇ ಹೆಚ್ಚು. ಕಾಯುವಾಗ ಮನುಷ್ಯರು ಮಾತಾಡುತ್ತಾರೆ. ಹಿತ್ತಿಲಲ್ಲಿ ಎರಡು ಮಗುಚಿಟ್ಟ ಬಕೆಟ್ಟುಗಳಿದ್ದವು. ಒಂದರ ಮೇಲೆ ಅವನು, ಇನ್ನೊಂದರ ಮೇಲೆ ಅವಳು.

ಆರು ತಿಂಗಳಲ್ಲಿ ಟೊಮೆಟೊ ಗಿಡಗಳು ಆಳೆತ್ತರ ಬಂದವು. ಡಾಕ್ಟರು ಅದನ್ನು ಗಮನಿಸಲಿಲ್ಲ. ಅವರು ಗಮನಿಸಿದ್ದು ನಗುವನ್ನು. ಒಬ್ಬ ಶಾಲಾ ಮೇಷ್ಟರ ಬಾಯಿಯಲ್ಲಿ ಯಂತ್ರ ಕೊರೆಯುತ್ತಿದ್ದಾಗ, ಆ ಸದ್ದನ್ನೂ ಮೀರಿ ಹಿತ್ತಿಲಿಂದ ಹೆಂಡತಿಯ ನಗು ಕೇಳಿತು. ಮುಗುಳ್ನಗೆಯಲ್ಲ. ಹೊಟ್ಟೆ ಹಿಡಿದುಕೊಂಡು, ಮಧ್ಯೆ ಉಸಿರು ತೆಗೆದುಕೊಂಡು, ಮತ್ತೆ ಮುಂದುವರಿಸುವಂಥ ನಗು. ಡಾಕ್ಟರು ಯಂತ್ರ ನಿಲ್ಲಿಸಿ ಕಿಟಕಿಯತ್ತ ನೋಡಿದರು. ತೊಟ್ಟಿಯವನು ಕೈಯಲ್ಲಿ ಏನೋ ಆಕಾರ ಮಾಡಿ ತೋರಿಸುತ್ತಿದ್ದ, ಅವಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಆಯ್ತಾ?" ಎಂದು ಮೇಷ್ಟರು ಬಾಯಿ ಕಳೆದುಕೊಂಡೇ ಕೇಳಿದರು.

"ಇಲ್ಲ, ಈಗ ಶುರು," ಅಂದರು ಡಾಕ್ಟರು.

ಅವರು ತಮ್ಮ ಮದುವೆಯನ್ನು ಹಿಂದಕ್ಕೆ ತಿರುವಿ ನೋಡಿದರು. ಅಂಥ ನಗು ತಾವು ಕೇಳಿದ್ದು ಯಾವಾಗ? ನೆಂಟರೊಬ್ಬರ ಮನೆಯಲ್ಲಿ ಕುರ್ಚಿ ಮುರಿದು ತಾವು ಬಿದ್ದಾಗ ಒಮ್ಮೆ ನಕ್ಕಿದ್ದಳು. ಅದಕ್ಕೆ ಒಂಬತ್ತು ವರ್ಷ. ಊಟದ ಹೊತ್ತಿನಲ್ಲಿ ಅವರಿಬ್ಬರ ಸಂಭಾಷಣೆ "ಇನ್ನಷ್ಟು?" "ಸಾಕು" ಎಂಬಲ್ಲಿಗೆ ಬಂದು ನಿಂತು ಬಹಳ ಕಾಲವಾಗಿತ್ತು, ಅದರಲ್ಲಿ ಯಾರ ತಪ್ಪೂ ಇದೆಯೆಂದು ಇಬ್ಬರಿಗೂ ಅನ್ನಿಸಿರಲಿಲ್ಲ. ಈಗ ಅನ್ನಿಸಿತು. ಆ ಅರ್ಧ ಗಂಟೆ ಅವರಿಗೆ ಬೇಕಾಯಿತು. ಹಳೆಯ ಬಕೆಟ್ಟಿನ ಮೇಲೆ ಕೂತು ಹೆಂಡತಿಯನ್ನು ನಗಿಸುವ ಗುರುವಾರದ ಆ ಅರ್ಧ ಗಂಟೆ ತಮ್ಮದಾಗಬೇಕು, ಬೇರೆ ಯಾರದೂ ಆಗಿರಬಾರದು.

ಆಮೇಲಿನ ಗುರುವಾರಗಳಲ್ಲಿ ಡಾಕ್ಟರ ಕಿವಿ ಬಹಳ ಸೂಕ್ಷ್ಮವಾಯಿತು. ತೊಟ್ಟಿಯವನು ಮೊದಲು ಅವಳನ್ನು ಮೇಡಂ ಎನ್ನುತ್ತಿದ್ದ. ಬರಬರುತ್ತ ಅಮ್ಮ ಅಂದ. ಈಗ ಏನೂ ಅನ್ನುತ್ತಿರಲಿಲ್ಲ, ನೇರವಾಗಿ ಮಾತಿಗೇ ಇಳಿಯುತ್ತಿದ್ದ. ಸಂಬೋಧನೆ ಬೇಕಾಗದ ಸಲಿಗೆಗಿಂತ ದೊಡ್ಡ ಸಲಿಗೆ ಇನ್ನೇನಿದೆ? ಇನ್ನು ಅವಳು ಅವನಿಗೆ "ರೀ" ಎನ್ನುತ್ತಿದ್ದಳು. "ಏನ್ರೀ, ಈ ವಾರ ಕಮ್ಮಿ ಇದೆಯಲ್ಲ?" "ಬನ್ರೀ, ಈ ಎಲೆ ನೋಡಿ." ಹಾಲಿನವನಿಗೂ ಅಂಚೆಯವನಿಗೂ ಅವಳು ರೀ ಎನ್ನುತ್ತಾಳೆ, ಲೋಕವೇ ಎನ್ನುತ್ತದೆ, ಅದು ಡಾಕ್ಟರಿಗೆ ತಿಳಿಯದ್ದಲ್ಲ. ಆದರೂ ಹದಿನಾರು ವರ್ಷ ತಮ್ಮ ಒಬ್ಬರ ಆಸ್ತಿಯಂತಿದ್ದ ಆ ಅಕ್ಷರ ಹಿತ್ತಿಲಲ್ಲಿ ಅಡ್ಡಾಡುವುದನ್ನು ಕಂಡು ಅವರು ಇಕ್ಕಳವನ್ನು ಬೇಕಾದ್ದಕ್ಕಿಂತ ಜೋರಾಗಿ ಜಗ್ಗಿದರು. ರೋಗಿ ತನ್ನ ಹಲ್ಲೇ ಅಷ್ಟು ಗಟ್ಟಿ ಎಂದುಕೊಂಡ.

ಎಲ್ಲದಕ್ಕೂ ಕಳಶವಿಟ್ಟಂತೆ ಒಂದು ದಿನ, ಮೂರನೆಯ ತಂಬಿಗೆಯಾದ ಮೇಲೆ, ತೊಟ್ಟಿಯವನು ಬೆರಳ ತುದಿಯ ಹನಿಯನ್ನು ನಾಲಿಗೆಗೆ ಮುಟ್ಟಿಸಿಕೊಂಡು ತಲೆಯಾಡಿಸಿದ. ಅವಳು ತಾನೂ ಬೆರಳು ಚಾಚಿ ಒಂದು ಹನಿ ಹಿಡಿದಳು, ನಾಲಿಗೆಗೆ ಮುಟ್ಟಿಸಿದಳು. ಮುಖ ಹಿಂಡಿದಳು. ಇಬ್ಬರೂ ನಕ್ಕರು.

ಬಾಯಿಯ ಸ್ವಚ್ಛತೆಯ ಬಗ್ಗೆ ಇಪ್ಪತ್ತೆರಡು ವರ್ಷ ಉಪದೇಶ ಮಾಡಿದ ಮನುಷ್ಯ ಅವರು. ತಾವು ಕಚ್ಚಿದ ಹಣ್ಣನ್ನು ಇನ್ನೊಬ್ಬರು ಕಚ್ಚಬಾರದು ಎನ್ನುವವರು. ತಮ್ಮ ಚಹದ ಲೋಟವನ್ನು ಎಂದೂ ಮುಟ್ಟದ ಹೆಂಡತಿ, ಪರರ ಜೊತೆ ಮೀನಿನ ಮಲದ ರುಚಿ ಹಂಚಿಕೊಳ್ಳುತ್ತಿದ್ದಳು!

ಅಂದು ರೋಗಿಗಳು ಹೋದ ಮೇಲೆ ಅವರು ಅಕ್ಕನ ಮೇಜಿನ ಬಳಿ ಬಂದು, ಮೀನು ನೋಡುವವರಂತೆ ನಿಂತರು.

"ಈ ತೊಟ್ಟಿಯವನು ತುಂಬಾ ಹೊತ್ತು ಮಾಡ್ತಾನೆ ಅಲ್ವಾ ಅಕ್ಕ?"

"ಮಾಡ್ಲಿ ಬಿಡು. ನಿನ್ನ ಹಾಗೆ ಜನರನ್ನ ಅಳಿಸ್ತಾನಾ?"

"ಮೂರು ಸಲ ತೊಳೀತಾನೆ. ಒಂದು ಸಲ ತೊಳೆದ್ರೆ ಸಾಲದಾ? ಪ್ರತಿ ಸಲ ಹತ್ತು ನಿಮಿಷ ಬೇರೆ. ಏನಕ್ಕೆ ಅಂತ?"

ಅಕ್ಕ ಕನ್ನಡಕ ಹಣೆಗೇರಿಸಿ ತಮ್ಮನನ್ನು ನೋಡಿದಳು. "ನಿನಗೆ ಹೊಟ್ಟೆಕಿಚ್ಚು ಕಣೋ."

"ಯಾರ ಮೇಲೆ? ಆ ಹೊಟ್ಟೆ ಮೇಲಾ?"

"ಹೊಟ್ಟೆ ಅವನದು. ಕಿಚ್ಚು ನಿಂದು."

"ಅವನೊಬ್ಬ ತೊಟ್ಟಿ ಕೆರೆಯೋನು, ಅಕ್ಕ."

"ನೀನೇನು ಮಾಡ್ತೀಯ? ನೀನೂ ಕೆರೆಯೋನೇ. ಅವನು ಹಡಗು ಕೆರೆದು ಬಂದ, ನೀನು ಹಲ್ಲು. ಅವನದು ದೊಡ್ಡ ಕಸುಬು."

ಡಾಕ್ಟರ ತೀರ್ಮಾನ ಗಟ್ಟಿಯಾಯಿತು. ಮೂರು ಸಲ ತೊಳೆಯುವುದು ಒಂದು ನಾಟಕ. ಹತ್ತು ಹತ್ತು ನಿಮಿಷ ಕಾಯುವುದು, ಕೂರುವುದಕ್ಕೆ ಹೂಡಿದ ಉಪಾಯ. ಉಪ್ಪಿನಿಂದ ಯಾರಿಗೆ ಏನಾಗಿದೆ? ತಾವು ಇಷ್ಟು ವರ್ಷ ಹಲ್ಲು ಕಿತ್ತ ಪ್ರತಿಯೊಬ್ಬರಿಗೂ ದಿನಕ್ಕೆ ನಾಲ್ಕು ಸಲ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಲು ಹೇಳಿದ್ದಾರೆ. ಗಾಯ ಒಣಗಿದೆ, ಬಾವು ಇಳಿದಿದೆ, ಸಾವಿರಾರು ಒಸಡುಗಳು ಗುಲಾಬಿ ಬಣ್ಣಕ್ಕೆ ತಿರುಗಿವೆ. ಒಸಡಿಗೆ ಒಳ್ಳೆಯದಾದದ್ದು ಟೊಮೆಟೊ ಗಿಡಕ್ಕೆ ಕೆಟ್ಟದ್ದಾಗುವುದೆಂದು ಯಾವ ಶಾಸ್ತ್ರ ಹೇಳುತ್ತದೆ? ಹೊಟ್ಟೆಕಿಚ್ಚಿನ ಮನುಷ್ಯನ ತರ್ಕಕ್ಕೆ ಒಂದು ಗುಣವುಂಟು: ಎಲ್ಲಿಯೂ ತಡವರಿಸುವುದಿಲ್ಲ.

ಮುಂದಿನ ಗುರುವಾರ ತೊಟ್ಟಿಯವನು ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲೇ ಡಾಕ್ಟರು ಎದುರಾದರು.

"ನೋಡಪ್ಪ, ಇನ್ನು ಮೇಲೆ ತೊಟ್ಟಿ ನಾನೇ ನೋಡ್ಕೋತೀನಿ. ನೀನು ದಣಿಯೋದು ಬೇಡ. ಬೇಕಾದಾಗ ಹೇಳಿ ಕಳಿಸ್ತೀನಿ."

"ಆಗ್ಲಿ ಡಾಕ್ಟ್ರೇ." ಅವನ ಮುಖದಲ್ಲಿ ಬೇಸರವಿರಲಿಲ್ಲ, ಅದೂ ಅವರಿಗೆ ಹಿಡಿಸಲಿಲ್ಲ. "ಮೀನಿನ ಕಡೆ ಚಿಂತೆ ಇಲ್ಲ, ನೀವು ನೋಡಿ ಕಲಿತಿದ್ದೀರಿ. ಹಿತ್ತಿಲ ಕಡೆ ಮಾತ್ರ, ಅದನ್ನ ಮೂರು ಸಲ..."

"ಗೊತ್ತು, ಗೊತ್ತು."

"ಹಳೇ ನೀರನ್ನ ಮಾತ್ರ..."

"ಗೊತ್ತಪ್ಪ ಅಂದೆನಲ್ಲ. ಡಾಕ್ಟರಾಗಿ ಇಷ್ಟು ಗೊತ್ತಾಗಲ್ವಾ?"

ತೊಟ್ಟಿಯವನು ಚಪ್ಪಲಿ ಮೆಟ್ಟಿಕೊಂಡು, ಎಡಕ್ಕೆ ವಾಲುತ್ತ ಹೋದ. ಅಕ್ಕ ಮೇಜಿನ ಹಿಂದೆ ಏನೋ ಬರೆಯುತ್ತಿರುವಂತೆ ಮಾಡಿದಳು.

ಡಾಕ್ಟರು ಹತ್ತರಿಂದ ಹನ್ನೊಂದೂವರೆಯವರೆಗೆ ರೋಗಿಗಳು ಬೇಡವೆಂದರು. ಬಿಳಿ ಕೋಟಿನ ತೋಳು ಮಡಚಿ, ಕೈಗವಸು ಹಾಕಿ, ನೊರೆಯಂತ್ರದ ಲೋಟ ಕಳಚಿದರು. ತೊಟ್ಟಿಯ ನೀರು ಬದಲಿಸಿ ಹೊಸ ಉಪ್ಪನ್ನು ತೂಗಿ ಬೆರೆಸಿ ಅಳೆದು ನೋಡಿದರು. ಮೀನುಗಳ ವಿಷಯದಲ್ಲಿ ಅವರು ಎಳ್ಳಷ್ಟೂ ತಪ್ಪಲಿಲ್ಲ. ಆಮೇಲೆ ಒಂದು ಕೈಯಲ್ಲಿ ಲೋಟ ಹಿಡಿದು ಹಿತ್ತಿಲಿಗೆ ಬಂದರು.

ಹೆಂಡತಿ ಅವರನ್ನು ನೋಡಿ ಎದ್ದು ನಿಂತಳು. "ಏನಾಯ್ತು? ಕರೆಂಟ್ ಹೋಯ್ತಾ?"

"ಇಲ್ಲ. ಗೊಬ್ಬರ ತಂದೆ."

"ನೀವಾ?"

"ಯಾಕೆ, ನಾನು ತರಬಾರದಾ?"

"ತರಬಾರದು ಅಂತ ಯಾರಂದ್ರು? ಕಳೆದ ಸಲ ನೀವು ಹಿತ್ತಿಲಿಗೆ ಬಂದಿದ್ದು ನಲ್ಲಿ ಒಡೆದುಹೋದಾಗ. ಅವರೆಲ್ಲಿ?"

"ಆತನಿಗೆ ಬೇರೆ ಕಡೆ ಕೆಲಸ ಜಾಸ್ತಿಯಂತೆ," ಅಂದರು ಡಾಕ್ಟರು. ಈ ಕಥೆಯಲ್ಲಿ ಅವರು ಹೇಳಿದ ಮೊದಲ ಸುಳ್ಳು ಅದು.

ಅವಳು ಅವರ ಕೈಯ ಲೋಟವನ್ನೂ ಮಡಚಿದ ತೋಳನ್ನೂ ನೋಡಿದಳು. ಆಮೇಲೆ, ಅವರು ಸ್ವಲ್ಪವೂ ನಿರೀಕ್ಷಿಸದ ಹಾಗೆ, ಅವಳ ಮುಖ ಅರಳಿತು. "ಕೂತ್ಕೊಳ್ಳಿ ಮತ್ತೆ," ಅಂದಳು. ಒಳಗೆ ಹೋಗಿ ಎರಡು ಲೋಟ ಚಹ ತಂದಳು. ಒಂದೊಂದೇ ಗಿಡವನ್ನು ಪರಿಚಯ ಮಾಡಿಸಿದಳು. ಇದು ಬೇಗ ಬರುವ ಜಾತಿ, ಇದು ಹಟಮಾರಿ, ಈ ಮೂಲೆಯದು ನಿಮ್ಮಕ್ಕನ ಹಾಗೆ, ಎಲ್ಲರ ಮೇಲೂ ಬೀಳುತ್ತದೆ. ಟೊಮೆಟೊ ಸಾಲಿನ ಆಚೆ ದೊಣ್ಣೆಮೆಣಸು, ಅದರ ಆಚೆ ಬೇಲಿಯ ಬುಡದಲ್ಲಿ ಒಂದು ಸಾಲು ಬೀಟ್‌ರೂಟ್. ಡಾಕ್ಟರಿಗೆ ಹೇಳಲು ವಿಶೇಷವೇನೂ ತೋಚಲಿಲ್ಲವಾದ್ದರಿಂದ "ಹೌದಾ?" ಎಂದರು, "ಓಹೋ" ಎಂದರು. ಆಕೆ ನಗಲಿಲ್ಲ, ಆದರೆ ಮಾತಾಡಿದಳು. ಇಪ್ಪತ್ತು ನಿಮಿಷ ಮಾತಾಡಿದಳು. ಹನ್ನೊಂದಕ್ಕೆ ಅವಳು ಸ್ನಾನಕ್ಕೆ ಹೋದ ಮೇಲೆ ಅವರು ಆ ಸಂತೋಷದ ಭರದಲ್ಲೇ ಲೋಟದಲ್ಲಿದ್ದದ್ದನ್ನು ನೇರವಾಗಿ ಬುಡಗಳಿಗೆ ಹಂಚಿದರು. ಮೋರಿಗೆ ಹೋಗಬೇಕಾಗಿದ್ದ ಎರಡು ಬಕೆಟ್ ಹಳೇ ನೀರಿನ ಮೇಲೂ ಅವರ ಕಣ್ಣು ಬಿತ್ತು. ಇಷ್ಟು ಸತ್ವದ ನೀರನ್ನು ನಾಲ್ಕು ವರ್ಷ ಮೋರಿಗೆ ಸುರಿದನಲ್ಲ, ಕಳ್ಳ! ಆ ನೀರನ್ನೂ ಸಾಲಿಗೆ ಬಿಟ್ಟರು.

"ಚೆನ್ನಾಗಿ ತೊಳೆದಿದ್ದೀರಿ ತಾನೆ?" ಅವಳು ಊಟಕ್ಕೆ ಬಡಿಸುತ್ತ ಕೇಳಿದಳು.

"ಮೂರು ಸಲ," ಅಂದರು ಡಾಕ್ಟರು. ಅದು ಎರಡನೆಯದು.

ಎರಡನೆಯ ಗುರುವಾರವೂ ಚಹ ಬಂತು, ಜೊತೆಗೆ ಬಿಸ್ಕತ್ತೂ ಬಂತು. ಶನಿವಾರ ಬೆಳಿಗ್ಗೆ ಡಾಕ್ಟರು ಕಿಟಕಿಯಿಂದ ನೋಡಿದಾಗ ಟೊಮೆಟೊ ಎಲೆಗಳ ಅಂಚು ಕಂದುಬಣ್ಣಕ್ಕೆ ತಿರುಗಿ ಸುರುಟಿಕೊಂಡಿದ್ದವು, ಯಾರೋ ಬೆಂಕಿಕಡ್ಡಿ ತಾಗಿಸಿ ಹೋದಂತೆ. ಹೆಂಡತಿ ಇನ್ನೂ ಎದ್ದಿರಲಿಲ್ಲ. ಅವರು ಒಸಡಿಗೆ ಹೊಲಿಗೆ ಹಾಕಿದ ದಾರ ಕತ್ತರಿಸುವ ಪುಟ್ಟ ಕತ್ತರಿ ಹಿಡಿದು ಹಿತ್ತಿಲಿಗೆ ಇಳಿದು, ಕೆಟ್ಟ ಎಲೆಗಳನ್ನು ಒಂದೊಂದಾಗಿ, ನೋವಾಗದ ಹಾಗೆ, ಕತ್ತರಿಸಿ ಕೋಟಿನ ಜೇಬಿಗೆ ತುಂಬಿಕೊಂಡರು. ಭಾನುವಾರವೂ ಅದೇ. ಸೋಮವಾರ ಎರಡೂ ಜೇಬು ತುಂಬಿದವು.

"ಎಲೆ ಕಮ್ಮಿ ಆಗ್ತಿದೆ ಕಣ್ರೀ," ಅಂದಳು ಹೆಂಡತಿ. "ಹುಳ ಬಿದ್ದಿದೆಯೇನೋ."

ರೀ ಮರಳಿ ಮನೆಗೆ ಬಂದಿತ್ತು. ಅದನ್ನು ಕಳೆದುಕೊಳ್ಳಲು ಅವರು ತಯಾರಿರಲಿಲ್ಲ. "ಗೊಬ್ಬರ ಸಾಲ್ತಿಲ್ಲ," ಅಂದರು. "ಜಾಸ್ತಿ ಹಾಕ್ಬೇಕು."

"ಅವರನ್ನೇ ಒಂದು ಮಾತು ಕೇಳೋಣ್ವಾ?"

"ಆತನನ್ನ ಯಾಕೆ ಕೇಳ್ಬೇಕು? ಆತನೇನು ಗಿಡದ ಡಾಕ್ಟರಾ?"

ಮೂರನೆಯ ಗುರುವಾರ ನೀರು ಎರಡರ ಬದಲು ನಾಲ್ಕು ಬಕೆಟ್ ಬದಲಾಯಿತು. ಹೊಸ ನೀರು ಸಿಕ್ಕ ಮೀನುಗಳು ಹಿಗ್ಗಿ ಓಡಾಡಿದವು. ಹಿತ್ತಿಲಲ್ಲಿ ಹೂವುಗಳು ಉದುರಿದವು. ಕಾಯಿ ಕಟ್ಟಿದ್ದವುಗಳ ತಳ ಕಪ್ಪಾಯಿತು. ದೊಣ್ಣೆಮೆಣಸಿನ ಗಿಡಗಳು ಮೊದಲ ಸಲ ಕುರ್ಚಿಯೇರಿದ ರೋಗಿಗಳ ಹಾಗೆ ತಲೆ ಕೆಳಗೆ ಹಾಕಿ ನಿಂತವು. ಕತ್ತರಿಗೆ ಇನ್ನು ಕೆಲಸವಿರಲಿಲ್ಲ. ಕತ್ತರಿಸಹೊರಟರೆ ಗಿಡವೇ ಉಳಿಯುತ್ತಿರಲಿಲ್ಲ.

ಚಹ ಈಗಲೂ ಬರುತ್ತಿತ್ತು, ಆದರೆ ಅವಳು ಮಾತು ನಿಲ್ಲಿಸಿದ್ದಳು. ಬಕೆಟ್ಟಿನ ಮೇಲೆ ಕೂತು ಗಿಡಗಳನ್ನು ನೋಡುತ್ತಿದ್ದಳು. ಡಾಕ್ಟರು ಏನಾದರೂ ತಮಾಷೆ ಹೇಳಿ ನಗಿಸಬೇಕೆಂದು, ಒಬ್ಬ ರೋಗಿ ಕಟ್ಟಿಸಿದ ಹಲ್ಲುಸೆಟ್ಟನ್ನು ಬಸ್ಸಿನಲ್ಲಿ ಮರೆತ ಕಥೆ ಹೇಳಿದರು. ಮೊದಲೇ ಹೇಳಿದ್ದೀರಿ ಎಂದಳು.

ನಾಲ್ಕನೆಯ ಗುರುವಾರ ಅವರು ಲೋಟ ಹಿಡಿದು ಹೋಗುವ ಹೊತ್ತಿಗೆ ಅವಳು ಸಾಲಿನ ಮಧ್ಯೆ ಕುಕ್ಕರುಗಾಲಲ್ಲಿ ಕೂತಿದ್ದಳು. ಮಣ್ಣಿನ ಮೇಲೆ ಬೆಳ್ಳಗೆ ತೆಳುವಾದ ಪದರ ಕಟ್ಟಿತ್ತು. ಉಗುರಿನಿಂದ ಅದನ್ನು ಕೆರೆದು, ಚಿಟಿಕೆಯಷ್ಟು ನಾಲಿಗೆಗೆ ಹಾಕಿಕೊಂಡಳು. ಉಗಿದಳು.

"ಉಪ್ಪು," ಅಂದಳು.

ಡಾಕ್ಟರು ಲೋಟವನ್ನು ಬೆನ್ನ ಹಿಂದೆ ಹಿಡಿದುಕೊಂಡರು.

"ನೀವು ತೊಳೆದೇ ಇಲ್ಲ."

"ಬೀಟ್‌ರೂಟ್ ಚೆನ್ನಾಗಿ ಬಂದಿದೆಯಲ್ಲ," ಅಂದರು ಡಾಕ್ಟರು. ಅದು ನಿಜವೇ ಆಗಿತ್ತು. ಬೇಲಿಯ ಬುಡದ ಸಾಲು ಎಣ್ಣೆ ಹಚ್ಚಿದಂತೆ ಮಿರುಗುತ್ತಿತ್ತು.

"ಒಂದು ಸಲವಾದ್ರೂ ತೊಳೆದ್ರಾ?"

"ಇಲ್ಲ."

"ಯಾಕೆ? ಟೈಮ್ ಇರ್ಲಿಲ್ವಾ? ಹೇಳಿದ್ರೆ ನಾನೇ ತೊಳೀತಿದ್ದೆ."

"ಟೈಮ್ ಇತ್ತು." ಅವರು ಕೆಮ್ಮಿದರು. ಕಿಟಕಿಯೊಳಗೆ ಅಕ್ಕನ ನೆರಳು ನಿಂತದ್ದು ಕಂಡಿತು. "ಆ ಮೂರು ಸಲ ತೊಳೆಯೋದು, ಹತ್ತು ಹತ್ತು ನಿಮಿಷ... ಅದು ಸುಮ್ಮನೆ ಹೊತ್ತು ಕಳೆಯೋಕೆ ಆತ ಹೂಡಿದ ಆಟ ಅಂದ್ಕೊಂಡೆ."

"ಯಾರ ಜೊತೆ ಹೊತ್ತು ಕಳೆಯೋಕೆ?"

ಡಾಕ್ಟರು ಬೀಟ್‌ರೂಟ್ ಸಾಲಿನ ಕಡೆ ನೋಡಿದರು.

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಅವಳು ನಕ್ಕಳು. ಹೊಟ್ಟೆ ಹಿಡಿದುಕೊಂಡು, ಮಧ್ಯೆ ಉಸಿರು ತೆಗೆದುಕೊಂಡು, ಮತ್ತೆ ಮುಂದುವರಿಸಿ ನಕ್ಕಳು. ಡಾಕ್ಟರು ಎಷ್ಟೋ ಗುರುವಾರಗಳಿಂದ ಬಯಸಿದ್ದು ಅದನ್ನೇ. ಕೈಗೆ ಸಿಕ್ಕಾಗ ಅದನ್ನು ಎಲ್ಲಿಡಬೇಕೆಂದು ಅವರಿಗೆ ತಿಳಿಯಲಿಲ್ಲ. ನಗು ಎಲ್ಲಿ ನಿಂತಿತು, ಅಳು ಎಲ್ಲಿ ಶುರುವಾಯಿತು ಎಂದೂ ತಿಳಿಯಲಿಲ್ಲ. ಅವಳು ಕಣ್ಣೊರೆಸಿಕೊಂಡಾಗ ಸೆರಗು ಬಹಳ ಒದ್ದೆಯಾಗಿತ್ತು.

"ನಾವೇನು ಮಾತಾಡ್ತಿದ್ವಿ ಗೊತ್ತಾ ನಿಮಗೆ?"

"ನನಗೇನು ಗೊತ್ತು?"

"ನಿಮ್ಮ ವಿಷಯ. ಹಲ್ಲು ಕೀಳೋವಾಗ ನೀವು ಗುನುಗ್ತೀರಂತೆ. ಹಲ್ಲು ಗಟ್ಟಿ ಇದ್ದಷ್ಟೂ ರಾಗ ಎಳೀತೀರಂತೆ. ಅವರ ಎರಡನೇ ಹಲ್ಲಿಗೆ ಒಂದು ಹಾಡು ಪೂರ್ತಿ ಆಯ್ತಂತೆ. ಮುಖ ಹೇಗೆ ಮಾಡ್ತೀರಿ ಅಂತ ಬೇರೆ ತೋರಿಸ್ತಿದ್ರು. ಹದಿನಾರು ವರ್ಷದಲ್ಲಿ ನೀವು ಗುನುಗೋದು ನಾನು ಒಂದು ದಿನ ಕೇಳಿಲ್ಲ. ಅದಕ್ಕೆ ಪ್ರತಿ ವಾರ ಕೇಳ್ತಿದ್ದೆ, ಇನ್ನೇನ್ ಮಾಡ್ತಾರೆ ಹೇಳ್ರೀ ಅಂತ."

ಹಿತ್ತಿಲಲ್ಲಿ ತಮಗೆ ಎದುರಾಳಿಯಾಗಿ ಕೂತಿದ್ದದ್ದು ತಾವೇ ಎಂದು ಗೊತ್ತಾದರೆ ಹೊಟ್ಟೆಕಿಚ್ಚು ಶಮನವಾಗಬೇಕು. ಆಗಲಿಲ್ಲ. ತಮ್ಮ ಬಗ್ಗೆ ಕೇಳಲು ಹೆಂಡತಿ ಇನ್ನೊಬ್ಬನ ಹತ್ತಿರ ಹೋಗಬೇಕಾಯಿತಲ್ಲ, ಮತ್ತು ಆ ಇನ್ನೊಬ್ಬ ಅದನ್ನು ತಮಗಿಂತ ಚೆನ್ನಾಗಿ ಹೇಳಿದನಲ್ಲ ಎಂದು ಅದು ಇನ್ನೊಂದು ಮಗ್ಗುಲಿಗೆ ತಿರುಗಿ ಮಲಗಿತು.

ಅವಳು ಅಂದೇ ತೊಟ್ಟಿಯವನಿಗೆ ಫೋನು ಮಾಡಿದಳು. ಬೇರೆ ಕಡೆ ಕೆಲಸ ಜಾಸ್ತಿಯಂತೆ ಎಂದದ್ದೂ ಅಲ್ಲಿಗೆ ಬಯಲಾಯಿತು. ಅವನು ಮರುದಿನ ಬಂದ. ಸತ್ತ ಗಿಡಗಳ ಮಧ್ಯೆ ನಿಂತು, ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಪುಡಿಮಾಡಿ, ಮೂಸಿ ನೋಡಿದ. ಡಾಕ್ಟರು ಬಿಳಿ ಕೋಟಿನಲ್ಲಿ, ಅಪಘಾತವಾದ ರೋಗಿಯ ಸಂಬಂಧಿಕರು ನಿಲ್ಲುವಂತೆ, ಪಕ್ಕದಲ್ಲಿ ನಿಂತಿದ್ದರು.

"ಎಷ್ಟು ನೀರು ಹಾಕಿದ್ರಿ ಡಾಕ್ಟ್ರೇ?"

"ಮೊದಲೆರಡು ವಾರ ಎರಡೆರಡು ಬಕೆಟ್. ಆಮೇಲೆ ನಾಲ್ಕು."

"ನಮ್ಮ ಬಂದರಿನ ಮಣ್ಣೇ ವಾಸಿ," ಅಂದ ತೊಟ್ಟಿಯವನು. ಅದರಲ್ಲಿ ವ್ಯಂಗ್ಯವಿರಲಿಲ್ಲ, ಅಂದಾಜು ಮಾಡುತ್ತಿದ್ದ.

"ಬೀಟ್‌ರೂಟ್ ಬಂದಿದೆಯಲ್ಲ," ಎಂದು ಡಾಕ್ಟರು ಮತ್ತೊಮ್ಮೆ ಪ್ರಯತ್ನಿಸಿದರು.

"ಬರುತ್ತೆ. ಅದರ ಮೂಲ ಸಮುದ್ರದ ದಂಡೆ. ಅದಕ್ಕೆ ತವರಿಗೆ ಹೋದ ಹಾಗಾಗಿದೆ." ಅವಳು ನಕ್ಕಳು. ಡಾಕ್ಟರು ಅದನ್ನೂ ಗಮನಿಸಿದರು.

"ಈಗ ಇದಕ್ಕೇನು ದಾರಿ?" ಅವಳು ಕೇಳಿದಳು.

"ಗಿಡ ಹೋಯ್ತು, ಆಸೆ ಬಿಡಿ. ಮಣ್ಣು ಉಳಿಸ್ಬಹುದು. ಉಪ್ಪು ಕೆಳಗೆ ಇಳೀಬೇಕು ಅಂದ್ರೆ ಸಿಹಿನೀರು ನಿಲ್ಲೋ ಹಾಗೆ ಬಿಡ್ಬೇಕು, ಇಂಗೋ ತನಕ ಕಾಯ್ಬೇಕು, ಮತ್ತೆ ಬಿಡ್ಬೇಕು. ಮಧ್ಯೆ ಮೂರು ದಿನ ಆರಬೇಕು. ಜಿಪ್ಸಮ್ ಪುಡಿ ಚೆಲ್ಲಿ ಕೈಯಾಡಿಸ್ಬೇಕು. ಆರು ತಿಂಗಳ ಕೆಲಸ. ಅವಸರ ಮಾಡಿದ್ರೆ ಆಗಲ್ಲ."

"ನಾನೇ ಮಾಡ್ತೀನಿ," ಅಂದರು ಡಾಕ್ಟರು.

ಇಬ್ಬರೂ ಅವರತ್ತ ನೋಡಿದರು. ಕಿಟಕಿಯಿಂದ ಅಕ್ಕನ ದನಿ ಬಂತು: "ನೀನು ಒಳಗೆ ಬಾ. ದವಡೆ ಹಲ್ಲು ಒಂದು ಕಾಯ್ತಿದೆ."

ಡಾಕ್ಟರು ಒಳಗೆ ಹೋದರು. ಕುರ್ಚಿಯಲ್ಲಿದ್ದವನ ಹಲ್ಲು ಗಟ್ಟಿಯಾಗಿತ್ತು. ಅವರು ಬಾಯಿ ಬಿಗಿದುಕೊಂಡು, ಒಂದು ಸ್ವರವನ್ನೂ ಹೊರಡಿಸದೆ ಅದನ್ನು ಕಿತ್ತರು.

ತೊಟ್ಟಿಯವನು ಈಗ ವಾರಕ್ಕೆ ಎರಡು ದಿನ ಬರುತ್ತಾನೆ, ಸೋಮವಾರ ಮತ್ತು ಗುರುವಾರ.